ಸಂತಾನವೂ ಸಾಲವೂ

ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಹೊರೆಗಳನ್ನು ಹೊತ್ತೇ ಮನುಷ್ಯನು ಹುಟ್ಟುವನೆಂದು ಎಣಿಸಿದ ನಮ್ಮ ಪೂರ್ವಿಕರು, ಪಿತೃಋಣವನ್ನು ಸಂತಾನವನ್ನು ಪಡೆದು ಬೆಳೆಸುವುದರಿಂದ ತೀರಿಸತಕ್ಕದ್ದೆಂದು ವಿಧಿಸಿದರು. ಹಿಂದಿನವರಿಂದ ಪಡೆದುದು ಮುಂದಿನವರಿಗೆ ಸಲ್ಲಬೇಕೆಂಬ ಈ ಭಾವನೆಯು, ಮನುಷ್ಯನು ತನ್ನ ಹಿಂದೆ ಬಿಟ್ಟುಹೋಗತಕ್ಕ ಏಳು ಬಗೆಯ ಸಂತಾನಗಳಾದ ಸಪ್ತಸಂತಾನಗಳಲ್ಲಿ ಪುತ್ರನೊಡನೆ ತಟಾಕವನ್ನೂ ಸೇರಿಸಿದಾಗ ಪೂರ್ಣವಾಯಿತೆಂದು ನನಗೆ ತೋರುತ್ತದೆ. ರಾಜ್ಯವೊಂದು ಐವತ್ತು ವರ್ಷಗಳ ಮುಂದಣ ನೀರಿಗಾಗಿ ಇಂದು ಸಾಲವೆತ್ತಿ, ಅದರ ಭಾರವನ್ನು ಇನ್ನೂ ಹುಟ್ಟದವರ ಮೇಲೆ ಹೊರಿಸುವುದು ಧರ್ಮವೋ ಅಧರ್ಮವೋ ಎಂಬುದನ್ನು ಈ ಬೆಳಕಿನಲ್ಲಿಯೇ ವಿಚಾರಿಸಬೇಕು.

ಬುಕ್ಕರಾಯನ ಮಗನಾದ ಭಾಸ್ಕರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಸಂಸ್ಕೃತ ಶಾಸನವು ಜಲದಾನದ ಪುಣ್ಯವನ್ನು ಹೊಗಳಿ ಸುಮ್ಮನಾಗುವುದಿಲ್ಲ. ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ, ಗಟ್ಟಿಮಣ್ಣಿನ ನೆಲ, ಸಿಹಿನೀರಿನ ಹೊಳೆ, ಅತಿ ಉದ್ದವಲ್ಲದ ಭದ್ರವಾದ ಕಲ್ಲಿನ ಕಟ್ಟೆ, ನೀಳವಾದ ನೇರ ಕಲ್ಲುಗಳು ದೊರೆಯುವ ಗಣಿ ಎಂದು ಮುಂತಾಗಿ ಹನ್ನೆರಡು ಅಂಗಗಳನ್ನು ಹೇಳಿ, ಆರು ದೋಷಗಳನ್ನೂ ಹೆಸರಿಸುತ್ತದೆ: ಏರಿಯಲ್ಲಿ ನೀರು ಒಸರುವುದು, ಚೌಳುನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಸ್ವಲ್ಪವಾಗಿ ಅಚ್ಚುಕಟ್ಟು ವಿಶಾಲವಾಗಿರುವುದು, ನೀರು ಬಹಳವಾಗಿ ನೆಲ ಸಾಲದಿರುವುದು. ಸಾವಿರ ಕೂಲಿಯಾಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದ ಲೆಕ್ಕವೂ ಅಲ್ಲಿದೆ. ಪುಣ್ಯಾಪೇಕ್ಷೆಯಿಂದ ಹೊರಟವನು ಮಣ್ಣಿನ ಗುಣವನ್ನು ಇಷ್ಟು ನಿಷ್ಠುರವಾಗಿ ಪರೀಕ್ಷಿಸಿದನೆಂಬುದನ್ನು ನಾನು ಪೂಜ್ಯಭಾವದಿಂದ ನೆನೆಯುತ್ತೇನೆ. ಒಸರುವ ಏರಿಯನ್ನು ಕಟ್ಟಿಸಿ ಸಂಕಲ್ಪಶುದ್ಧಿಯನ್ನು ಮುಂದೊಡ್ಡುವವನಿಗೆ ಆ ಪುಣ್ಯದಲ್ಲಿ ಪಾಲಿಲ್ಲ.

ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿರುವ ಮಾರಿಕಣಿವೆಯ ಅಣೆಕಟ್ಟು ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1898ರಲ್ಲಿ, ಪ್ರಾರಂಭವಾಗಿ 1907ರಲ್ಲಿ ಮುಗಿಯಿತು. ಅಯ್ಯರವರು 1901ರಲ್ಲಿಯೇ ಗತಿಸಿದ್ದರು. ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ ಬಿದ್ದದ್ದು 2022ರಲ್ಲಿ. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ತುಂಬುವ ಭರವಸೆಯೇ ಇಲ್ಲದ ಪಾತ್ರೆಯನ್ನು ಇಷ್ಟು ದೊಡ್ಡದಾಗಿ ಏಕೆ ಕಟ್ಟಿದರೆಂದು ಕೇಳುವುದು ಸುಲಭ. ಆದರೆ ತಾನು ಉಣ್ಣದ ಫಲಕ್ಕಾಗಿ ಕರ್ಮವನ್ನಾಚರಿಸುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ನಾಡಿನಲ್ಲಿ ನನಗೆ ಕಾಣದು.

ಆದಕಾರಣ ನೂರು ವರ್ಷ ನೀರು ಕೊಡುವ ಕಟ್ಟೆಯ ಸಾಲದಲ್ಲಿ ನೂರು ವರ್ಷದವರೂ ಪಾಲುಗೊಳ್ಳುವುದು ನ್ಯಾಯವೇ. ಅನ್ಯಾಯವಾಗುವುದು ಸಾಲ ಉಳಿದು ಕಟ್ಟೆ ಸವೆದಾಗ. ತುಂಗಭದ್ರಾ ಜಲಾಶಯವು ಹಿಡಿಯಬೇಕಾಗಿದ್ದ 133 ಟಿಎಂಸಿ ಅಡಿಗಳಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಹೂಳು ಆಕ್ರಮಿಸಿದೆ. 2024ರ ಆಗಸ್ಟಿನಲ್ಲಿ ಅದರ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಕೂಡಿಟ್ಟ ನೀರು ಕಣ್ಣೆದುರಿಗೇ ಹೊಳೆಯ ಪಾಲಾಯಿತು. ಹಿಂದಿನವರು ಕೆರೆಯೊಡನೆ ಬಿತ್ತುವಟ್ಟದ ಗದ್ದೆಯನ್ನೂ ಬಿಟ್ಟು, ಏರಿಯ ದುರಸ್ತಿಗೂ ಹೂಳು ಹೊರುವ ಬಂಡಿಗೂ ಅದರ ಹುಟ್ಟುವಳಿಯನ್ನು ಶಾಸನದಲ್ಲಿಯೇ ಗೊತ್ತುಮಾಡುತ್ತಿದ್ದರು. ಸಾಲಪತ್ರಕ್ಕೆ ರುಜು ಬೀಳುವ ದಿನವೇ ತೂಬು, ಕಾಲುವೆ, ಸರಪಳಿಗಳ ಖರ್ಚಿಗೆ ಯಾವ ಮಂತ್ರಿಮಂಡಲವೂ ಮುಟ್ಟಲಾಗದ ನಿಧಿಯೊಂದನ್ನು ಬೇರ್ಪಡಿಸುವ ಸರ್ಕಾರಕ್ಕೆ ಹುಟ್ಟಲಿರುವವರ ಹೆಸರಿನಲ್ಲಿ ಸಾಲವೆತ್ತುವ ಅಧಿಕಾರವುಂಟು. ಬೇರ್ಪಡಿಸದ ಸರ್ಕಾರಕ್ಕೆ, ಅದರ ಯೋಜನೆ ಎಷ್ಟೇ ಭವ್ಯವಾಗಿರಲಿ, ಆ ಅಧಿಕಾರವಿಲ್ಲ.