ಸೀಮೆಯೂ ಸಾಕ್ಷಿಯೂ

ಮೂವತ್ತು ವರ್ಷಗಳ ಹಿಂದಿನ ಮಾತು. ಪಿತ್ರಾರ್ಜಿತವಾದ ಹೊಲವನ್ನು ನಾನೂ ನನ್ನ ತಮ್ಮನೂ ಪಾಲು ಮಾಡಿಕೊಳ್ಳುವಾಗ ನಡುವಣ ಒಡ್ಡಿನ ವಿಷಯವಾಗಿ ವಾದವುಂಟಾಯಿತು. ಮೋಜಣಿದಾರನು ಬಂದು ಸರಪಳಿ ಹಿಡಿದು ಅಳೆದನು. ಬಾವಿಯ ಮೂಲೆಯ ಎರಡು ಗುಂಟೆ ನೆಲವು ನಕ್ಷೆಯ ಪ್ರಕಾರ ನನ್ನ ಭಾಗಕ್ಕೆ ಬಂದಿತು. ಆದರೆ ಆ ಮೂಲೆಯು ಕಿರಿಯವನಿಗೆ ಸಲ್ಲಬೇಕೆಂದು ತಂದೆಯವರು ಅಂತ್ಯಕಾಲದಲ್ಲಿ ನನಗೆ ಹೇಳಿದ್ದರು. ಅದನ್ನು ಕೇಳಿದವನು ನಾನೊಬ್ಬನೇ ಎಂದು ತಿಳಿದು ಸುಮ್ಮನಿದ್ದೆನು. ಸುಳ್ಳಾಡಲಿಲ್ಲ, ನಕ್ಷೆಯನ್ನು ಮಾತ್ರ ಮುಂದಿಟ್ಟೆನು. ನಕ್ಷೆಯು ನಿಜವಾಗಿದ್ದರೂ ಅದನ್ನು ಹಿಡಿದವನು ಅಸತ್ಯವಂತನಾಗಿರಬಹುದೇ ಎಂಬ ಪ್ರಶ್ನೆಯು ಅಂದಿನಿಂದ ನನ್ನನ್ನು ಕಾಡುತ್ತ ಬಂದಿದೆ.

ನಮ್ಮ ಧರ್ಮಶಾಸ್ತ್ರಕಾರರು ಸೀಮಾವಿವಾದವನ್ನು ಅಲ್ಪವಿಷಯವೆಂದೆಣಿಸಿದವರಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಇದಕ್ಕೆ ವಿಸ್ತಾರವಾದ ವಿಧಿಯುಂಟು. ಎಲ್ಲೆಯಲ್ಲಿ ಆಲ, ಅರಳಿ, ಮುತ್ತುಗಗಳನ್ನು ನೆಡಬೇಕು. ಕಲ್ಲು, ಎಲುಬು, ಹೊಟ್ಟು, ಬೂದಿ, ಇದ್ದಿಲುಗಳನ್ನು ನೆಲದೊಳಗೆ ಹುದುಗಿಸಿಡಬೇಕು. ಈ ಗುರುತುಗಳಿಂದಲೂ ಸಂಶಯವು ಹರಿಯದಿದ್ದರೆ ಸಾಕ್ಷಿಗಳು ಕೆಂಪು ವಸ್ತ್ರವನ್ನುಟ್ಟು, ತಲೆಯ ಮೇಲೆ ಮಣ್ಣನ್ನು ಹೊತ್ತು, ತಮ್ಮ ತಮ್ಮ ಪುಣ್ಯದ ಮೇಲೆ ಆಣೆಯಿಟ್ಟು ಎಲ್ಲೆಯನ್ನು ಹೇಳಬೇಕು. ತಕ್ಕ ಸಾಕ್ಷಿಗಳು ದೊರೆಯದಾಗ ಬೇಡರು, ದನಗಾಹಿಗಳು, ಬೆಸ್ತರು, ಬೇರು ಅಗೆಯುವವರು, ಹಾವು ಹಿಡಿಯುವವರು ಇವರನ್ನು ಕೇಳಬೇಕೆಂದಿದೆ. ದಿನವೂ ಆ ನೆಲವನ್ನು ಮೆಟ್ಟಿ ನಡೆಯುವವನ ಮಾತಿಗೆ ಶಾಸ್ತ್ರವು ಬೆಲೆಗೊಟ್ಟಿದೆಯೆಂಬುದು ಇದರಿಂದ ಸ್ಪಷ್ಟವಾಗುವುದು.

ಈ ದೃಷ್ಟಿಯಿಂದ ನಮ್ಮ ಸೀಮೆಯ ಇತಿಹಾಸವನ್ನು ನೋಡೋಣ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡನಾಡೆಂದು ಕರೆದು, ಅದರ ತಿರುಳನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಗುರುತಿಸಿತು. ಕಿಸುವೊಳಲೆಂದರೆ ಬಾದಾಮಿಯ ಬಳಿಯ ಪಟ್ಟದಕಲ್ಲೇ. ಜನರ ನುಡಿಯೇ ಆ ಎಲ್ಲೆಗೆ ಸಾಕ್ಷಿಯಾಗಿದ್ದಿತು. ಸಾವಿರ ವರ್ಷಗಳಾದ ಬಳಿಕ ಆ ತಿರುಳೇ ಹರಿದು ಹಂಚಿಹೋಯಿತು. ಪಟ್ಟದಕಲ್ಲು ಮುಂಬಯಿ ಇಲಾಖೆಗೆ, ಕೊಪ್ಪಳವು ನಿಜಾಮನ ರಾಜ್ಯಕ್ಕೆ, ಪುಲಿಗೆರೆಯಾದ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೆ ಸೇರಿದವು. 1885ರವರೆಗೆ ಜಿಲ್ಲೆಯ ಮುಖ್ಯಸ್ಥಳವಾಗಿದ್ದ ನಮ್ಮ ಕಲಾದಗಿಯ ನೆರೆಯಲ್ಲೇ ಮುಧೋಳ, ಜಮಖಂಡಿಗಳು ಬೇರೆ ಸಂಸ್ಥಾನಗಳಾಗಿದ್ದವು. ಇಳಕಲ್ಲಿನಿಂದ ಕುಷ್ಟಗಿಗೆ ಒಂದು ದಿನದ ಕಾಲ್ನಡಿಗೆ. ಆದರೆ ಅಲ್ಲಿ ಬೇರೆ ಅರಸು, ಬೇರೆ ನಾಣ್ಯ, ಬೇರೆ ಸುಂಕ. ಹೆಣ್ಣು ಕೊಟ್ಟು ತಂದ ಮನೆಗಳ ನಡುವೆ ಗೆರೆಯೆಳೆದವರು ಆ ಮನೆಗಳವರನ್ನು ಕೇಳಿದವರಲ್ಲ. 1948ರಲ್ಲಿ ಸಂಸ್ಥಾನಗಳು ಅಳಿದು, 1956ರ ನವೆಂಬರ 1ರಂದು ಈ ಭಾಗಗಳೆಲ್ಲ ಒಂದಾದವು. ಕಾಸರಗೋಡು, ಜತ್ತ, ಅಕ್ಕಲಕೋಟೆಗಳ ಕನ್ನಡಿಗರು ಮಾತ್ರ ಹೊರಗುಳಿದರು.

ಇದರಿಂದ ಅಳತೆಗಾರರೆಲ್ಲರೂ ದೋಷಿಗಳೆಂದು ವಾಚಕರು ಭಾವಿಸಬಾರದು. ಟೀಪೂವಿನ ಪತನಾನಂತರ, 1799ರಿಂದ ಮೊದಲಾಗಿ, ಮೈಸೂರು ಸೀಮೆಯನ್ನು ಅಳೆಯಿಸಿದ ಕಾಲಿನ್ ಮೆಕೆಂಜಿಯು ಸರಪಳಿಯೊಂದಕ್ಕೇ ತೃಪ್ತನಾಗಲಿಲ್ಲ. ಕಾವಲಿ ಬೊರಯ್ಯ, ಲಕ್ಷ್ಮಯ್ಯ ಮೊದಲಾದ ಸಹಾಯಕರ ಮೂಲಕ ಊರೂರ ಹಿರಿಯರನ್ನು ಕೇಳಿಸಿ ಕೈಫಿಯತ್ತುಗಳನ್ನು ಬರೆಯಿಸಿದನು, ಶಾಸನಗಳನ್ನು ಪ್ರತಿಮಾಡಿಸಿದನು. 1815ರಲ್ಲಿ ಅವನೇ ಭಾರತದ ಮೊದಲ ಸರ್ವೇಯರ್ ಜನರಲ್ಲನಾದನು.

ಶತಮಾನವೊಂದು ಕಳೆದ ಮೇಲೆ ಅದೇ ಇಲಾಖೆಯ ಅಳತೆಗಾರರು ದೂರದ ಪರ್ಷಿಯಾ ತುರ್ಕಸ್ಥಾನಗಳ ಗಡಿಗೆ ಹೋಗಬೇಕಾಯಿತು. ಆ ಗಡಿಯು 1639ರ ಒಪ್ಪಂದದಲ್ಲಿ ಬಾಯಿಮಾತಿನಷ್ಟೇ ಅಸ್ಪಷ್ಟವಾಗಿದ್ದಿತು. 1847ರಲ್ಲಿ ಎರ್ಜುರಮ್ಮಿನ ಒಪ್ಪಂದವಾಗಿ, ಮುಂದೆ ಆ ಎರಡು ರಾಜ್ಯಗಳ ಜೊತೆಗೆ ಇಂಗ್ಲಿಷರೂ ರಷ್ಯದವರೂ ಸೇರಿ ಅಳೆದರು. ಲಂಡನ್ನಿನ ನಕ್ಷೆಗೂ ಪೀಟರ್ಸ್‌ಬರ್ಗಿನ ನಕ್ಷೆಗೂ ಹೊಂದಿಕೆಯಾಗದೆ, ಎರಡನ್ನೂ ಒಂದುಮಾಡುವಷ್ಟರಲ್ಲಿ 1869 ಬಂದಿತು. ಅದರಲ್ಲಿಯೂ ಗೆರೆಯಿರಲಿಲ್ಲ; ಗೆರೆಯು ಇದರೊಳಗೆ ಎಲ್ಲಿಯೋ ಇರುವುದೆಂಬ, ಹಲವು ಮೈಲು ಅಗಲದ ಪಟ್ಟಿಯಿದ್ದಿತು. ಕೊನೆಗೆ 1914ರಲ್ಲಿ ಸಮುದ್ರತೀರದಿಂದ ಅರಾರಾತ್ ಪರ್ವತದವರೆಗೆ ಕಂಬಗಳನ್ನು ನೆಟ್ಟು ಮುಗಿಸಿದರು. ಕೆಲವೇ ದಿನಗಳಲ್ಲಿ ತುರ್ಕಿಯು ಮಹಾಯುದ್ಧಕ್ಕಿಳಿಯಿತು. ಬೇಸಗೆಯಲ್ಲಿ ಬೆಟ್ಟಕ್ಕೂ ಚಳಿಗಾಲದಲ್ಲಿ ಬಯಲಿಗೂ ಕುರಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಕುರ್ದ ಪಂಗಡಗಳಿಗೆ ಒಂದು ಮೇವು ಈಚೆ, ಇನ್ನೊಂದು ಆಚೆ ಆಯಿತು. ಆ ಗಡಿಯ ದಕ್ಷಿಣದ ನದಿಯ ವಿವಾದವು 1980ರಲ್ಲಿ ಇರಾನ್ ಇರಾಕುಗಳ ಎಂಟು ವರ್ಷದ ಯುದ್ಧಕ್ಕೆ ಕಾರಣಗಳಲ್ಲೊಂದಾಯಿತು. ಅಳತೆಯು ತಪ್ಪಾಗಿದ್ದುದರಿಂದ ಹೀಗಾಯಿತೆನ್ನಲಾಗದು, ಮನಸ್ಸುಗಳು ಒಪ್ಪಿರಲಿಲ್ಲ.

ಆದುದರಿಂದ ನನಗೆ ತೋರುವುದಿಷ್ಟು. ನೆಲವು ಎಷ್ಟಿದೆಯೆಂಬುದನ್ನು ನಕ್ಷೆಯು ಹೇಳಬಲ್ಲುದು. ಅದು ಯಾರದೆಂಬುದನ್ನು ಬಲ್ಲ ಮನುಷ್ಯರೇ ಹೇಳಬೇಕು. ಬಲ್ಲವನು ಬಾಯಿ ಮುಚ್ಚಿಕೊಂಡರೆ ನಿರ್ದುಷ್ಟವಾದ ನಕ್ಷೆಯೂ ಅನ್ಯಾಯಕ್ಕೆ ಸಾಧನವಾಗುವುದು. ಸಭೆಯಲ್ಲಿ ಸುಳ್ಳಾಡುವವನಿಗೂ ಮೌನದಿಂದಿರುವವನಿಗೂ ಮನುವು ಒಂದೇ ಪಾಪವನ್ನು ಹೇಳಿರುವನು. ಪಾಠಶಾಲೆಯಲ್ಲಿ ಆ ಶ್ಲೋಕವನ್ನು ಬಾಯಿಪಾಠ ಮಾಡಿದ್ದ ನನಗೆ ಅದರ ಅರ್ಥವು ಬಾವಿಯ ಮೂಲೆಯಲ್ಲಿ ತಿಳಿಯಿತು.

ನಿವೃತ್ತನಾದ ವರ್ಷ ಆ ಎರಡು ಗುಂಟೆಯನ್ನು ತಮ್ಮನ ಹೆಸರಿಗೆ ಬರೆದುಕೊಟ್ಟೆನು. ತಂದೆಯವರು ತನಗೂ ಹೇಳಿದ್ದರೆಂದೂ, ಅಣ್ಣನ ಬಾಯಿಂದಲೇ ಆ ಮಾತು ಬರಲೆಂದು ಇಷ್ಟು ವರ್ಷ ಕಾದಿದ್ದೆನೆಂದೂ ಅವನು ಹೇಳಿದನು. ನೆಲವನ್ನು ಹಿಂದಿರುಗಿಸುವುದು ಸುಲಭವಾಯಿತು. ಅವನು ಕಾದ ವರ್ಷಗಳನ್ನು ಹಿಂದಿರುಗಿಸುವ ಬಗೆ ನನಗೆ ತಿಳಿಯದು. ಮನೆಯಲ್ಲಿ ಪಾಲಿನ ಮಾತು ನಡೆದಿರುವ ವಾಚಕರು ಯಾರಾದರೂ ಇದ್ದರೆ, ಮೋಜಣಿದಾರನನ್ನು ಕರೆಯುವ ಮೊದಲು ತಾವು ಬಲ್ಲುದನ್ನು ಹೇಳಿಬಿಡಲೆಂದು ನನ್ನ ಬಿನ್ನಹ.