ವಿಶ್ವವಿದ್ಯಾಲಯದ ಆಯ್ಕೆ: ಶ್ರೇಯಸ್ಸು ಮತ್ತು ಪ್ರೇಯಸ್ಸು

ಯಾವ ವಿಶ್ವವಿದ್ಯಾಲಯಕ್ಕೆ ಸೇರಬೇಕೆಂಬ ಯೋಚನೆ ಶುಲ್ಕ, ಹಾಸ್ಟೆಲ್, ಉದ್ಯೋಗಗಳ ಲೆಕ್ಕಾಚಾರದಿಂದ ಶುರುವಾಗುತ್ತದೆ. ಅದರ ಬುಡದಲ್ಲಿರುವುದು ಬದುಕಿನಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬ ತಾತ್ವಿಕ ಪ್ರಶ್ನೆ. ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ವಿವರಿಸುವ ಶ್ರೇಯಸ್ಸು ಮತ್ತು ಪ್ರೇಯಸ್ಸುಗಳ ಭೇದ ಇಲ್ಲಿ ನೇರವಾಗಿ ಅನ್ವಯಿಸುತ್ತದೆ: ಒಂದು ಹಿತವಾದುದು, ಇನ್ನೊಂದು ಸದ್ಯಕ್ಕೆ ಪ್ರಿಯವಾದುದು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ವಿದ್ಯಾರ್ಥಿ ಎಂಜಿನಿಯರಿಂಗ್ ಅಥವಾ ಕೃಷಿ ಪದವಿ ಬಯಸಿದರೆ, ಈ ಭೇದ ಎದುರಾಗುವುದು ಸಿಇಟಿ ನಂತರದ ಆಪ್ಷನ್ ಎಂಟ್ರಿಯಲ್ಲಿ. ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸಬೇಕು. ಪಟ್ಟಿಯ ಮೇಲಿನಿಂದ ನೋಡುತ್ತ ಬಂದು, ರ‍್ಯಾಂಕಿಗೆ ದಕ್ಕುವ ಮೊದಲ ಸೀಟನ್ನೇ ಹಂಚಲಾಗುತ್ತದೆ. ನಿಜವಾದ ಆಯ್ಕೆ ನಡೆಯುವುದು ಪಟ್ಟಿ ಬರೆಯುವಾಗಲೇ. ನೆಂಟರ ಮಗ ಸೇರಿದನೆಂಬ ಕಾರಣಕ್ಕೆ ಒಂದು ಕಾಲೇಜನ್ನು ಮೇಲೆ ಬರೆದು, ಮನಸ್ಸಿಗೆ ಒಪ್ಪುವ ವಿಷಯವನ್ನು ಕೆಳಗಿಟ್ಟರೆ, ಫಲವೂ ಅದೇ ಕ್ರಮದಲ್ಲಿ ಬರುತ್ತದೆ.

ಮೊದಲು ತೂಗಬೇಕಾದದ್ದು ಅಧ್ಯಾಪಕರನ್ನು. ಮುಂಡಕೋಪನಿಷತ್ತು ಗುರುವಿನಲ್ಲಿ ಶಾಸ್ತ್ರಜ್ಞಾನ ಮತ್ತು ನಿಷ್ಠೆ ಎರಡನ್ನೂ ಬಯಸುತ್ತದೆ. ಇಂದಿನ ಮಟ್ಟಿಗೆ ಹೇಳುವುದಾದರೆ, ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟಿದ್ದಾರೆ, ಅವರು ಸ್ವತಃ ಓದು, ಸಂಶೋಧನೆಗಳಲ್ಲಿ ತೊಡಗಿದ್ದಾರೆಯೇ ಎಂದು ವಿಚಾರಿಸಬೇಕು. ಪಾಂಡವಪುರ ತಾಲ್ಲೂಕಿನ ತೊಣ್ಣೂರು, ಮೇಲುಕೋಟೆಗಳ ಜೊತೆ ಹೆಸರು ಬೆರೆತಿರುವ ರಾಮಾನುಜಾಚಾರ್ಯರು ಕಂಚಿಯಲ್ಲಿ ಯಾದವಪ್ರಕಾಶರ ಬಳಿ ಓದಿ, ಉಪನಿಷತ್ತಿನ ಅರ್ಥದ ವಿಚಾರದಲ್ಲಿ ಭಿನ್ನಾಭಿಪ್ರಾಯ ಬಂದಾಗ ಹೊರನಡೆದರು. ಮುಂದೆ ಮಂತ್ರೋಪದೇಶ ಬಯಸಿ ಹೋದಾಗ ಗುರು ಗೋಷ್ಠೀಪೂರ್ಣರು ಅವರನ್ನು ಹದಿನೇಳು ಸಲ ಹಿಂದಕ್ಕೆ ಕಳಿಸಿ ಹದಿನೆಂಟನೆಯ ಸಲ ಉಪದೇಶಿಸಿದರೆಂದೂ, ಪಡೆದ ಮಂತ್ರವನ್ನು ರಾಮಾನುಜರು ಎಲ್ಲರಿಗೂ ಸಾರಿದರೆಂದೂ ಶ್ರೀವೈಷ್ಣವ ಪರಂಪರೆ ಹೇಳುತ್ತದೆ. ಒಪ್ಪದ ಪಾಠವನ್ನು ಬಿಡುವ ಧೈರ್ಯ, ಬೇಕಾದುದಕ್ಕೆ ಕಾಯುವ ತಾಳ್ಮೆ, ಕಲಿತದ್ದನ್ನು ಹಂಚುವ ಮನಸ್ಸು ಈ ಮೂರೂ ವಿದ್ಯಾರ್ಥಿಗೆ ಬೇಕು.

ಎರಡನೆಯದು ಸ್ವಭಾವ. ಭಗವದ್ಗೀತೆ ಕರ್ಮವನ್ನು ಸ್ವಭಾವಕ್ಕೆ ಜೋಡಿಸುತ್ತದೆ. ಗಿಡಮರಗಳಲ್ಲಿ ಆಸಕ್ತಿಯುಳ್ಳವನಿಗೆ ಹೆಸರುವಾಸಿ ಕಾಲೇಜಿನ ಬೇರೆ ಕೋರ್ಸಿಗಿಂತ ಸಾಧಾರಣ ಕಾಲೇಜಿನ ಕೃಷಿ ಪದವಿಯೇ ಶ್ರೇಯಸ್ಕರವಾಗಬಹುದು.

ಮೂರನೆಯದು ಮನೆಯ ಋಣ. ಸಾಲದ ಹೊರೆ, ವಯಸ್ಸಾದ ತಂದೆತಾಯಿ, ದಿನದ ಬಸ್ ಪ್ರಯಾಣ ಇವೂ ಧರ್ಮದ ವಿಚಾರಗಳೇ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾಲಯವಿದೆ. ಶ್ರೀರಂಗಪಟ್ಟಣಕ್ಕೆ ಮೈಸೂರು ವಿಶ್ವವಿದ್ಯಾಲಯ ಹತ್ತಿರ. ಹತ್ತಿರದ್ದೆಂದು ಕೀಳಾಗಿ ಕಾಣುವುದೂ, ಹತ್ತಿರದ್ದೆಂಬ ಒಂದೇ ಕಾರಣಕ್ಕೆ ಸೇರುವುದೂ ವಿವೇಕವಲ್ಲ. ಮಾನ್ಯತೆ, ಪ್ರಯೋಗಾಲಯ, ಗ್ರಂಥಾಲಯಗಳನ್ನು ಹೋಗಿ ನೋಡಿಯೇ ತೀರ್ಮಾನಿಸಬೇಕು.

ಆಯ್ಕೆಗೆ ಮಿತಿಯೂ ಇದೆ. ಶ್ರೀರಂಗಪಟ್ಟಣದಲ್ಲಿ ಬಾಲ್ಯದ ಓದು ಮುಗಿಸಿದ ಬಿ.ಎಂ. ಶ್ರೀಕಂಠಯ್ಯನವರು ಮದ್ರಾಸ್ ವಿಶ್ವವಿದ್ಯಾಲಯದ ಪದವಿ ಪಡೆಯಬೇಕಾಯಿತು. ಮೈಸೂರು ಸಂಸ್ಥಾನಕ್ಕೆ ವಿಶ್ವವಿದ್ಯಾಲಯ ಬಂದದ್ದು 1916ರಲ್ಲಿ. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರಿಗೆ ಮೈಸೂರಿನಲ್ಲೇ ಉನ್ನತ ವಿದ್ಯೆ ದೊರೆಯಿತು; ಮುಂದೆ ಅವರು ದೇವರ ಅಸ್ತಿತ್ವವನ್ನೇ ವಿಚಾರಕ್ಕೊಡ್ಡಿದ ‘ದೇವರು’ ಕೃತಿ ಬರೆದರು. ಎಲ್ಲಿ ಓದಬೇಕೆಂಬುದನ್ನು ಕಾಲವೂ ರ‍್ಯಾಂಕೂ ಒಂದಿಷ್ಟು ನಿರ್ಧರಿಸುತ್ತವೆ. ಯಾವುದಕ್ಕಾಗಿ ಓದಬೇಕೆಂಬುದು ಮಾತ್ರ ವಿದ್ಯಾರ್ಥಿಯದೇ ನಿರ್ಧಾರ. ಅದು ಮೊದಲು ಸ್ಪಷ್ಟವಾದರೆ ಪಟ್ಟಿಯ ಮೂರನೆಯ ಕಾಲೇಜಿನಲ್ಲೂ ವಿದ್ಯೆ ಫಲಿಸುತ್ತದೆ.