ಯೋಸೇಫನ ಕಣಜವೂ ನಮ್ಮ ಹಡಿಲು ಗದ್ದೆಗಳೂ

ಬರಗಾಲದಲ್ಲಿ ಹಸಿದವನಿಗೆ ಧಾನ್ಯ ಕೊಟ್ಟ ಅರಸನು ತನ್ನ ಕರ್ತವ್ಯವನ್ನು ಪೂರ್ತಿಯಾಗಿ ಮಾಡಿದನೋ? ಪ್ರಿಯ ಸಭೆಯವರೇ, ಇದಕ್ಕೆ ಉತ್ತರ ಹುಡುಕುವವರು ಆದಿಕಾಂಡದ 41ನೆಯ ಅಧ್ಯಾಯದೊಂದಿಗೆ 47ನೆಯದನ್ನೂ ಓದಬೇಕು. ಯೋಸೇಫನು ಸುಭಿಕ್ಷದ ಏಳು ವರುಷ ಬೆಳೆಯ ಐದನೆಯ ಒಂದು ಪಾಲನ್ನು ಕೂಡಿಸಿಟ್ಟದ್ದನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಅದೇ ಧಾನ್ಯಕ್ಕಾಗಿ ಐಗುಪ್ತದ ಬೇಸಾಯಗಾರರು ಮೊದಲು ಹಣವನ್ನೂ, ತರುವಾಯ ದನಗಳನ್ನೂ, ಕಡೆಗೆ ಹೊಲಗಳನ್ನೂ ತಮ್ಮನ್ನೂ ಫರೋಹನಿಗೆ ಮಾರಿಕೊಂಡರೆಂಬದನ್ನೋ ಅಪರೂಪವಾಗಿ ಹೇಳುತ್ತೇವೆ. ಪ್ರಾಣ ಉಳಿಯಿತು, ಹೊಲ ಹೋಯಿತು.

ನಮ್ಮ ಸೀಮೆಯಲ್ಲಿಯೂ ಹವೆಯು ಹಿಂದಿನಂತಿಲ್ಲ. ಒಂದು ಡಿಗ್ರಿ ಹೆಚ್ಚು ಕಾದ ಗಾಳಿಯು ನೂರಕ್ಕೆ ಸುಮಾರು 7 ಪಾಲು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಆದಕಾರಣ ಮಳೆಯು ಸುರಿದರೆ ಒಮ್ಮೆಲೇ ಸುರಿಯುತ್ತದೆ. 2020ರ ಸಪ್ಟೆಂಬರ್ 20ರ ನೆರೆಯಲ್ಲಿ ಉಡುಪಿಯ ಬೈಲುಗದ್ದೆಗಳು ಬೆಳೆ ಸಮೇತ ಮುಳುಗಿದವು. 2023ರಲ್ಲಿಯಾದರೋ ಮಳೆ ಸಾಲದೆ, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ಮಳೆ ತಡವಾದರೆ ಕಾರ್ಕಳದ ಬೆಟ್ಟುಗದ್ದೆಯಲ್ಲಿ ನೇಜಿ ನೆಡಲು ನೀರಿಲ್ಲ. ಬೇಸಗೆ ಬಂದರೆ ಕಾಪುವಿನ ಹೊಳೆಬದಿಗೆ ಉಪ್ಪುನೀರು ಏರುತ್ತದೆ. ಇದನ್ನೂ ಆಳಿನ ಕೂಲಿಯನ್ನೂ ತಾಳಲಾರದೆ ಅನೇಕರು ಗದ್ದೆಯನ್ನು ಹಡಿಲು ಬಿಟ್ಟಿದ್ದಾರೆ.

2013ರಿಂದ ಅನ್ನಭಾಗ್ಯದ ಅಕ್ಕಿಯು ಬಡವರ ಮನೆಗೆ ಬರುತ್ತಿರುವದು ದೇವರ ದಯೆಯೇ. ಅದನ್ನು ಹಳಿಯುವವನು ಹಸಿವೆಯನ್ನು ಅರಿಯದವನು. ಆದರೂ ಕುಚ್ಚಲಕ್ಕಿಯ ಗಂಜಿ ಉಣ್ಣುವ ನಾವು ಬೇರೆ ಸೀಮೆಯ ಅಕ್ಕಿಗೆ ಕಾದು ನಿಂತಿರುವಾಗ, ನೆರೆಯವನ ಗದ್ದೆಯಲ್ಲಿ ಹುಲ್ಲು ಬೆಳೆಯುವದು ನ್ಯಾಯವೋ? ಹೊಟ್ಟೆಯನ್ನು ತುಂಬಿಸುವ ನೀತಿಯು ಗದ್ದೆಯನ್ನೂ ಉಳಿಸಬೇಕು.

ಅದಕ್ಕೆ ಬೇಕಾದವುಗಳು ದೂರದಲ್ಲಿಲ್ಲ. ಕೆಲವು ದಿವಸ ನೆರೆಯಲ್ಲಿ ಮುಳುಗಿದರೂ ತಾಳುವ ಸಹ್ಯಾದ್ರಿ ಪಂಚಮುಖಿ ಎಂಬ ಭತ್ತವನ್ನು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರು ಸಿದ್ಧಪಡಿಸಿದ್ದಾರೆ. ಆ ಬೀಜವು ಮುಂಗಾರಿಗೆ ಮುಂಚೆಯೇ ಬೈಲಿನವನ ಕೈ ಸೇರಲಿ. ಕಿಂಡಿ ಅಣೆಕಟ್ಟಿನ ಹಲಗೆಗಳು ತೋಡು ಬತ್ತುವ ಮೊದಲೇ ಕೂರಲಿ. ಕಣಜವಿಲ್ಲದ ಬಡ ರೈತನು ಕೊಯ್ದ ಭತ್ತವನ್ನು ವಾರದೊಳಗೆ ಮಾರಲೇ ಬೇಕಾದದರಿಂದ, ಸರಕಾರದ ಖರೀದಿಯು ಕೊಯ್ಲಿನ ಹೊತ್ತಿಗೇ ತೆರೆಯಲಿ. ನಷ್ಟವಾದ ಮೇಲೆ ಕೊಡುವದು ದಯೆ. ನಷ್ಟಕ್ಕೆ ಮುಂಚೆ ಒದಗಿಸುವದು ನ್ಯಾಯ.

ಇನ್ನೊಂದು ಮಾತು. ಐಗುಪ್ತದಲ್ಲಿ ಯಾಜಕರ ಭೂಮಿ ಮಾತ್ರ ಮಾರಿಹೋಗಲಿಲ್ಲ; ಅವರಿಗೆ ಅರಸನಿಂದ ಗೊತ್ತಾದ ಆಹಾರವಿತ್ತು. ಸಂಬಳದ ಅನ್ನ ಉಣ್ಣುವ ಉಪದೇಶಕರಾದ ನಾವು ಇದನ್ನು ಓದುವಾಗ ತಲೆ ತಗ್ಗಿಸತಕ್ಕದ್ದು. ಆದದರಿಂದ ತಾಳ್ಮೆಯನ್ನು ಬೋಧಿಸುವದಕ್ಕೆ ಮುಂಚೆ ಮುಂದಿನ ಗ್ರಾಮಸಭೆಗೆ ನಾವೂ ಹೋಗಿ ಬೀಜ, ಹಲಗೆ, ಖರೀದಿ ಈ ಮೂರನ್ನು ರೈತನ ಸಂಗಡ ನಿಂತು ಕೇಳೋಣ. ಸಭೆಯೊಳಗಿನ ಯಾವ ವಿಧವೆಯ ಗದ್ದೆಯಾದರೂ ಹಡಿಲು ಬಿದ್ದಿದ್ದರೆ ಈ ಮಳೆಗಾಲ ನಾವೆಲ್ಲರೂ ಕೂಡಿ ಅದರಲ್ಲಿ ನೇಜಿ ನೆಡೋಣ. ಬೆಳೆಯಿಸುವವನು ಕರ್ತನು, ಉಳುವ ಕೆಲಸವನ್ನು ಆತನು ನಮಗೆ ಬಿಟ್ಟಿದ್ದಾನೆ.